ಮೂವತ್ತು ಮೀಟರ್ ಎಂದು ಬರೆದಿದ್ದರೂ ಗಡಿಯಾರದೊಳಗೆ ನೀರು ಹೋಗುವುದೇಕೆ?

ಸಂಕ್ರಾಂತಿ ಮುಗಿದ ಮರುದಿನ ಬಾಗಲಕೋಟೆಯ ನವನಗರದಲ್ಲಿರುವ ನನ್ನ ಅಂಗಡಿಗೆ ಬರುವ ಗಡಿಯಾರಗಳಿಗೆಲ್ಲ ಒಂದೇ ಕಾಯಿಲೆ. ಕೂಡಲಸಂಗಮದಲ್ಲಿ ಸ್ನಾನ ಮಾಡಿ, ಸಜ್ಜಿ ರೊಟ್ಟಿಯ ಬುತ್ತಿ ಬಿಚ್ಚಿ ಉಂಡು ಊರಿಗೆ ಮರಳುವ ಹೊತ್ತಿಗೆ ಗಾಜಿನ ಒಳಮೈಗೆ ಮಂಜು ಕಟ್ಟಿರುತ್ತದೆ. ಗಡಿಯಾರವನ್ನು ಮೇಜಿನ ಮೇಲಿಟ್ಟವರು ಕೇಳುವ ಮಾತೂ ಒಂದೇ: “ಕಾಕಾ, ಹಿಂದ ಮೂವತ್ತು ಮೀಟರ್ ಅಂತ ಬರದಾರ. ನಾ ಎದಿಮಟ ನೀರಾಗ ನಿಂತು ಮೂರು ಸಲ ಮುಳುಗಿ ಎದ್ದೇನಿ, ಅಷ್ಟರಿ. ಹ್ಯಾಂಗ ನೀರು ಹೋತ್ರಿ ಒಳಗ?” ಈ ಪ್ರಶ್ನೆಗೆ ಅಂಗಡಿಯಲ್ಲಿ ನಿಂತು ನೂರಾರು ಸಲ ಉತ್ತರಿಸಿದ್ದೇನೆ. ಅರ್ಧ ಕೇಳಿ ಹೊರಟವರು ಮತ್ತರ್ಧವನ್ನು ತಾವೇ ಕಟ್ಟಿಕೊಂಡು ಬೇರೆಯವರಿಗೆ ಹೇಳುತ್ತಾರೆ. ಆದ್ದರಿಂದ ಈ ಸಲ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಗಡಿಯಾರದ ಹಿಂಬದಿಯ 30 ಮೀಟರ್, 3 ಏಟಿಎಂ, 3 ಬಾರ್ ಎಂಬ ಬರಹಗಳು ಮೂರೂ ಒಂದೇ; ಏಟಿಎಂ, ಬಾರ್ ಎಂಬುವು ಒತ್ತಡದ ಅಳತೆಗಳು. ಹತ್ತು ಮೀಟರ್ ಆಳದ ನೀರು ಸುಮಾರು ಒಂದು ಬಾರ್ ಒತ್ತಡ ಹಾಕುತ್ತದೆ. ಆ ಸಂಖ್ಯೆ ನೀವು ಇಳಿಯಬಹುದಾದ ಆಳವನ್ನು ಹೇಳುವುದಿಲ್ಲ. ಹೊಸ ಗಡಿಯಾರ ಕಾರ್ಖಾನೆಯಲ್ಲಿ ಎಷ್ಟು ಒತ್ತಡವನ್ನು ತಡೆಯಬೇಕೆಂದು ನಿಗದಿಯಾಗಿತ್ತು ಎಂಬುದನ್ನಷ್ಟೇ ಹೇಳುತ್ತದೆ. ಕೇಸಿನೊಳಕ್ಕೆ, ಅಂದರೆ ಗಡಿಯಾರದ ಹೊರಕವಚದೊಳಕ್ಕೆ, ನೀರು ಬರಲು ಮೂರು ಬಾಗಿಲುಗಳಿವೆ: ಗಾಜು ಕೂರುವ ಅಂಚು, ಹಿಂಬದಿಯ ಮುಚ್ಚಳ, ಚಾವಿಯ (ಮುಳ್ಳು ತಿರುಗಿಸುವ ಪಕ್ಕದ ಗುಂಡಿಯ) ಕಡ್ಡಿ ಒಳಹೋಗುವ ರಂಧ್ರ. ಮೂರನ್ನೂ ಕಾಯುವುದು ತೆಳುವಾದ ಉಂಗುರಗಳು. ಗಾಜಿನ ಸುತ್ತ ನೈಲಾನಿನದೋ ರಬ್ಬರಿನದೋ ಇರುತ್ತದೆ, ಉಳಿದೆರಡು ಕಡೆ ಸಾಮಾನ್ಯವಾಗಿ ರಬ್ಬರಿನದೇ. ಉಕ್ಕಿನ ಕೇಸು ಇಪ್ಪತ್ತು ವರ್ಷಗಳ ನಂತರವೂ ಹಾಗೆಯೇ ಇರುತ್ತದೆ, ಆದರೆ ರಬ್ಬರ್ ಹಾಗೆ ಉಳಿಯುವುದಿಲ್ಲ. ಉತ್ತರದ ತಿರುಳು ಇಷ್ಟೇ, ಆದರೆ ಇದನ್ನು ಒಪ್ಪಿಕೊಳ್ಳಲು ಒಂದು ತಪ್ಪು ನಂಬಿಕೆ ಅಡ್ಡ ನಿಂತಿದೆ.

ಆ ನಂಬಿಕೆ ಹೀಗಿದೆ: ನೀರಿನಲ್ಲಿ ಕೈ ಬೀಸಿದಾಗ ಗಡಿಯಾರದ ಮೇಲೆ ಬೀಳುವ ಒತ್ತಡ ಹಲವು ಪಟ್ಟು ಏರುತ್ತದೆ, ಹೀಗಾಗಿ ಮೂವತ್ತು ಮೀಟರಿನ ಗಡಿಯಾರ ಈಜುವಾಗ ಒಂದೆರಡು ಮೀಟರ್ ಆಳದಲ್ಲಿಯೇ ಸೋಲುತ್ತದೆ. ಗಡಿಯಾರ ಮಾರುವವರು ಇದನ್ನು ಹೇಳುತ್ತಾರೆ, ದುರಸ್ತಿ ಮಾಡುವ ನನ್ನ ಗೆಳೆಯರೂ ಹೇಳುತ್ತಾರೆ, ಅಂತರ್ಜಾಲದಲ್ಲಿ ಎಲ್ಲ ಭಾಷೆಗಳಲ್ಲಿಯೂ ಇದೇ ಮಾತು ಸುತ್ತುತ್ತಿದೆ. ಕೇಳಲು ಸಮಂಜಸವಾಗಿರುವುದರಿಂದ ಲೆಕ್ಕ ಹಾಕಿ ನೋಡುವ ಗೋಜಿಗೆ ಹೆಚ್ಚಿನವರು ಹೋಗುವುದಿಲ್ಲ. ಲೆಕ್ಕವೇನೂ ಕಷ್ಟದ್ದಲ್ಲ, ಪಿಯುಸಿಯಲ್ಲಿ ವಿಜ್ಞಾನ ಓದಿದವರು ಕೈಯಲ್ಲಿಯೇ ಮಾಡಬಹುದು.

ಚಲನೆಯಿಂದ ಹುಟ್ಟುವ ಒತ್ತಡ ಬೇಕಾದರೆ ನೀರಿನ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ನೀರಿನ ಸಾಂದ್ರತೆ ಘನ ಮೀಟರಿಗೆ 1000 ಕಿಲೋಗ್ರಾಂ, ಅದರ ಅರ್ಧ 500. ಇನ್ನು ಕೈಯ ವೇಗ. ಜಗತ್ತಿನ ಅತಿ ವೇಗದ ಈಜುಗಾರರೂ 100 ಮೀಟರ್ ಸಾಗಲು 46 ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳುತ್ತಾರೆ, ಅಂದರೆ ಅವರ ವೇಗ ಸೆಕೆಂಡಿಗೆ ಎರಡು ಮೀಟರಿಗೆ ತುಸು ಮೇಲೆ. ಕೈ ದೇಹಕ್ಕಿಂತ ಬಿರುಸಾಗಿ ಚಲಿಸುತ್ತದೆ ಎಂದು ಧಾರಾಳವಾಗಿ ಐದು ಮೀಟರ್ ಹಿಡಿಯೋಣ. ಐದರ ವರ್ಗ 25; 500ನ್ನು 25ರಿಂದ ಗುಣಿಸಿದರೆ 12,500 ಪಾಸ್ಕಲ್ (ಒಂದು ಬಾರ್ ಎಂದರೆ ಒಂದು ಲಕ್ಷ ಪಾಸ್ಕಲ್). ಒಂದು ಮೀಟರ್ ಆಳದ ನೀರೇ 9,800 ಪಾಸ್ಕಲ್ ಒತ್ತುತ್ತದೆ. ಹಾಗಾದರೆ ಇಡೀ ಬಲ ಹಾಕಿ ಕೈ ಬೀಸಿದರೂ ಗಡಿಯಾರದ ಮೇಲೆ ಹೆಚ್ಚುವರಿಯಾಗಿ ಬೀಳುವುದು ಸುಮಾರು ಒಂದೂಕಾಲು ಮೀಟರ್ ಆಳಕ್ಕೆ ಸಮನಾದ ಒತ್ತಡ ಮಾತ್ರ. ಇದೇ ಲೆಕ್ಕವನ್ನು ತಿರುಗಿಸಿ ನೋಡಿ: ಕೈ ಬೀಸಿಯೇ ಮೂರು ಬಾರ್ ಒತ್ತಡ ತರಬೇಕಾದರೆ ಕೈ ಸೆಕೆಂಡಿಗೆ ಇಪ್ಪತ್ತನಾಲ್ಕೂವರೆ ಮೀಟರ್, ಅಂದರೆ ಗಂಟೆಗೆ ಸುಮಾರು 88 ಕಿಲೋಮೀಟರ್ ವೇಗದಲ್ಲಿ ನೀರನ್ನು ಸೀಳಬೇಕು. ಸೊಲ್ಲಾಪುರ ಹೆದ್ದಾರಿಯಲ್ಲಿ ಬಸ್ಸುಗಳು ಓಡುವ ಆ ವೇಗವನ್ನು ನೀರಿನೊಳಗೆ ಯಾವ ಮನುಷ್ಯನ ತೋಳೂ ಮುಟ್ಟಲಾರದು.

ನಲ್ಲಿಯ ನೀರಿನ ಬಗ್ಗೆಯೂ ಇಂಥದೇ ಮಾತಿದೆ. ಮನೆಯ ಮೇಲಿನ ಟಾಕಿ ನಲ್ಲಿಗಿಂತ ಹತ್ತು ಮೀಟರ್ ಎತ್ತರದಲ್ಲಿದೆ ಎಂದುಕೊಂಡರೂ ನಲ್ಲಿಯ ಧಾರೆ ಒಂದು ಬಾರ್ ಒತ್ತಡವನ್ನು ಮೀರಲಾರದು, ಏಕೆಂದರೆ ಆ ಧಾರೆಗೆ ಎತ್ತರವನ್ನು ಬಿಟ್ಟರೆ ಬೇರೆ ಬಲವಿಲ್ಲ. ವಾಹನ ತೊಳೆಯುವ ಯಂತ್ರದ ಪಿಚಕಾರಿಯ ಮಾತು ಬೇರೆ, ಅದರ ಮುಂದೆ ಯಾವ ಗಡಿಯಾರವನ್ನೂ ಹಿಡಿಯಬಾರದು. ಎತ್ತರದ ದಂಡೆಯಿಂದ ಬಾವಿಗೆ ಜಿಗಿಯುವ ಹುಡುಗರಿಗೂ ಒಂದು ಎಚ್ಚರಿಕೆ ಹೇಳಬೇಕು. ಐದು ಮೀಟರ್ ಮೇಲಿಂದ ಬಿದ್ದಾಗ ನೀರು ಮುಟ್ಟುವ ವೇಗ ಸೆಕೆಂಡಿಗೆ ಹತ್ತು ಮೀಟರಿನಷ್ಟಿರುತ್ತದೆ, ಮೇಲಿನ ಲೆಕ್ಕದಂತೆ ಅದು ಅರ್ಧ ಬಾರ್. ಆದರೆ ಗಾಜಿನ ಚಪ್ಪಟೆ ಮುಖ ನೀರಿಗೆ ಪಟ್ಟನೆ ಅಪ್ಪಳಿಸಿದರೆ ಕ್ಷಣಮಾತ್ರ ಅದಕ್ಕಿಂತ ಬಹಳ ಹೆಚ್ಚಿನ ಪೆಟ್ಟು ಬೀಳುತ್ತದೆ. ಈ ವಿನಾಯಿತಿಯನ್ನು ಒಪ್ಪುತ್ತೇನೆ. ಆದರೆ ಸಂಗಮದಲ್ಲಿ ನಿಂತು ಮುಳುಗೆದ್ದವರು ಯಾರೂ ಹಾಗೆ ಜಿಗಿದಿರುವುದಿಲ್ಲ.

ಕೂಡಲಸಂಗಮದ ಐಕ್ಯ ಮಂಟಪಕ್ಕೆ ಇಳಿದವರಿಗೆ ಈ ವಿಷಯ ಬೇಗ ಅರ್ಥವಾಗಬೇಕು. ಆಲಮಟ್ಟಿಯ ಹಿನ್ನೀರು ಸುತ್ತ ನಿಂತಾಗಲೂ ಮಂಟಪ ನೀರಿಗೆ ಸೇರದಂತೆ ಬಾವಿಯಾಕಾರದ ಗೋಡೆ ಕಟ್ಟಿದ್ದಾರೆ, ನಾವು ಮೆಟ್ಟಿಲಿಳಿದು ಒಳಗೆ ಹೋಗುತ್ತೇವೆ. ಆ ಗೋಡೆಯ ಮೇಲಿನ ಭಾರವನ್ನು ನಿರ್ಧರಿಸುವುದು ಹೊರಗೆ ನಿಂತ ನೀರಿನ ಎತ್ತರವೇ ಹೊರತು ನದಿಯ ಮೇಲ್ಮೈಯ ಅಲೆಗಳಲ್ಲ. ಗಡಿಯಾರದ ಕೇಸು ಅಂಥದೇ ಒಂದು ಚಿಕ್ಕ ಬಾವಿ.

ಹಾಗಾದರೆ ಎದೆಮಟ್ಟದ ನೀರಿನಲ್ಲಿ ಒಳಗೆ ಹೋದದ್ದು ಹೇಗೆ? ಮೊದಲ ಕಾರಣ ಬಿಸಿ ಮತ್ತು ತಂಪು. ಬೈಕಿನ ಹಿಡಿಕೆಯ ಮೇಲೆ ಕೈಯಿಟ್ಟು ಬಿಸಿಲಿನಲ್ಲಿ ಬಂದವನ ಗಡಿಯಾರ 45 ಡಿಗ್ರಿಗೆ ಕಾದಿದೆ, ನದಿಯ ನೀರು 23 ಡಿಗ್ರಿ ಇದೆ ಎಂದುಕೊಳ್ಳಿ. ಕೇಸಿನೊಳಗಿನ ಗಾಳಿ ಥಟ್ಟನೆ ತಣಿದಾಗ ಅದರ ಒತ್ತಡ ನೂರಕ್ಕೆ ಸುಮಾರು ಏಳರಷ್ಟು ಇಳಿಯುತ್ತದೆ, ಮತ್ತು ಅದು ಎಪ್ಪತ್ತು ಸೆಂಟಿಮೀಟರ್ ನೀರಿನ ಒತ್ತಡಕ್ಕೆ ಸಮ. ಅಂದರೆ ಮೊಣಕೈ ಮುಳುಗುವ ಮೊದಲೇ ಗಡಿಯಾರ ಹೊರಗಿನದನ್ನು ಒಳಗೆ ಹೀರಲು ತೊಡಗಿರುತ್ತದೆ. ಸರಿಯಾದ ರಬ್ಬರಿಗೆ ಇದೊಂದು ಭಾರವೇ ಅಲ್ಲ. ಆದರೆ ಎರಡನೆಯ ಕಾರಣ ರಬ್ಬರಿನ ಮುಪ್ಪು: ನಾಲ್ಕೈದು ಬೇಸಿಗೆಗಳ ಬಿಸಿಲು, ಬೆವರು, ಸಾಬೂನಿನ ನೀರು ಕಂಡ ರಬ್ಬರ್ ಗಟ್ಟಿಯಾಗಿ, ಒತ್ತಿದ ಆಕಾರದಲ್ಲಿಯೇ ಚಪ್ಪಟೆಯಾಗಿ ಉಳಿದುಬಿಟ್ಟಿರುತ್ತದೆ. ಬೆರಳಿನಿಂದ ಬಗ್ಗಿಸಿದರೆ ತುಂಡಾಗುವ ಉಂಗುರಗಳನ್ನು ನಾನು ದಿನವೂ ಹೊರತೆಗೆಯುತ್ತೇನೆ.

ಇನ್ನು, ಒಳಗೆ ಹೋಗುವ ನೀರು ಬಹಳವೇನೂ ಬೇಕಾಗಿಲ್ಲ. 30 ಡಿಗ್ರಿಯಲ್ಲಿ ಒಂದು ಘನ ಸೆಂಟಿಮೀಟರ್ ಗಾಳಿ ಹಿಡಿದಿಡಬಲ್ಲ ತೇವಾಂಶ ಒಂದು ಮಿಲಿಗ್ರಾಮಿನ ನೂರರಲ್ಲಿ ಮೂರು ಭಾಗ ಮಾತ್ರ. ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಘನ ಮಿಲಿಮೀಟರಿನ ಹನಿ ಅದರ ಮೂವತ್ತು ಪಟ್ಟಿಗಿಂತ ಹೆಚ್ಚು ತೂಗುತ್ತದೆ. ಉಳಿದ ತೇವವೆಲ್ಲ ಗಾಜು ತಣ್ಣಗಾದ ಕೂಡಲೇ ಮಂಜಾಗಿ ಕೂರುತ್ತದೆ. ‘ನೀರು ತುಂಬಿದೆ’ ಎಂದು ತಂದ ಗಡಿಯಾರವನ್ನು ಬಿಚ್ಚಿದಾಗ ಒಂದು ಹನಿಯೂ ಕಣ್ಣಿಗೆ ಬೀಳದೆ ಗ್ರಾಹಕರು ಬೆರಗಾಗುವುದು ಇದಕ್ಕಾಗಿಯೇ.

ಮೂರನೆಯ ಕಾರಣ ನನಗೆ ಅತ್ಯಂತ ಬೇಸರ ತರುವಂಥದ್ದು. ಸೆಲ್ ಬದಲಿಸುವಾಗ ಹಿಂಬದಿಯ ಮುಚ್ಚಳವನ್ನು ಚಾಕುವಿನಿಂದ ಎಬ್ಬಿಸಿ, ಉಂಗುರವನ್ನು ನೋಡದೆ, ಅದಕ್ಕೆ ಸಿಲಿಕೋನ್ ಗ್ರೀಸ್ ಸವರದೆ, ಹೆಬ್ಬೆರಳಿನಿಂದ ಒತ್ತಿ ಕೊಟ್ಟುಬಿಡುತ್ತಾರೆ. ಉಂಗುರ ಒಂದು ಕಡೆ ಮಡಚಿಕೊಂಡಿದ್ದರೆ ಹಿಂಬದಿಯ ಬರಹಕ್ಕೆ ಅಂದಿನಿಂದಲೇ ಅರ್ಥವಿಲ್ಲ.

ಕಾರ್ಖಾನೆಯ ಪರೀಕ್ಷೆ ಹೇಗಿರುತ್ತದೆ ಎಂದು ತಿಳಿದರೆ ಆ ಬರಹದ ಮಿತಿ ಸ್ಪಷ್ಟವಾಗುತ್ತದೆ. ಸಾಮಾನ್ಯ ಗಡಿಯಾರಗಳಿಗೆ ಅನ್ವಯಿಸುವ ಐಎಸ್‌ಒ 22810 ಎಂಬ ಅಂತರರಾಷ್ಟ್ರೀಯ ಮಾನದಂಡ 2010ರದು. ಅದರಂತೆ ಬರೆದ ಒತ್ತಡದಲ್ಲಿ ಗಡಿಯಾರವನ್ನು ಹತ್ತು ನಿಮಿಷ ಇಡುತ್ತಾರೆ. ಹತ್ತು ಸೆಂಟಿಮೀಟರ್ ನೀರಿನಲ್ಲಿ ಒಂದು ಗಂಟೆ ಮುಳುಗಿಸುತ್ತಾರೆ. 40 ಡಿಗ್ರಿ, 20 ಡಿಗ್ರಿ, ಮತ್ತೆ 40 ಡಿಗ್ರಿಯ ನೀರಿನಲ್ಲಿ ಐದೈದು ನಿಮಿಷ ಬಿಡುತ್ತಾರೆ. ಬಿಸಿ–ತಂಪಿನ ಆಘಾತವನ್ನು ಮಾನದಂಡ ಬರೆದವರು ಮರೆತಿಲ್ಲ ಎಂಬುದನ್ನು ಗಮನಿಸಿ. ಕೊನೆಯಲ್ಲಿ 40ರಿಂದ 45 ಡಿಗ್ರಿ ಕಾದ ತಟ್ಟೆಯ ಮೇಲೆ ಗಡಿಯಾರವನ್ನಿಟ್ಟು, ಗಾಜಿನ ಮೇಲೆ ಒಂದು ಹನಿ ತಣ್ಣೀರು ಹಾಕಿ, ಒಂದು ನಿಮಿಷದ ನಂತರ ಒರೆಸಿ ನೋಡುತ್ತಾರೆ. ಒಳಗೆ ಮಂಜು ಕಂಡರೆ ಅದು ಅನುತ್ತೀರ್ಣ. ಮುಳುಗುಗಾರರ ಗಡಿಯಾರಗಳಿಗೆ ಐಎಸ್‌ಒ 6425 ಎಂಬ ಬೇರೆ ಮಾನದಂಡವಿದೆ. ಅಲ್ಲಿ ಪ್ರತಿಯೊಂದು ಗಡಿಯಾರವನ್ನೂ, ಬರೆದ ಒತ್ತಡಕ್ಕಿಂತ ಕಾಲುಪಟ್ಟು ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸಬೇಕು. ತಯಾರಕರು ‘30 ಮೀಟರ್ ಎಂದರೆ ಕೈ ತೊಳೆಯುವಾಗಿನ ಹನಿಗಳಿಗೆ ಮಾತ್ರ’ ಎಂದು ಕೈಪಿಡಿಯಲ್ಲಿ ಬರೆಯುವುದು ರಬ್ಬರ್ ಹಳೆಯದಾಗುತ್ತದೆ ಎಂಬ ಎಚ್ಚರದಿಂದ. ಆ ಎರಡು ಮಾತುಗಳ ನಡುವಿನ ಅಂತರವನ್ನು ತುಂಬಲು ಯಾರೋ ಕೈ ಬೀಸುವ ಕಥೆಯನ್ನು ಕಟ್ಟಿದರು.

ಕೇಸಿನ ಇತಿಹಾಸವೂ ಇದನ್ನೇ ಹೇಳುತ್ತದೆ. ಮೂರು ಬಾಗಿಲುಗಳಲ್ಲಿ ಬಹುಕಾಲ ಸೋಲುತ್ತಿದ್ದದ್ದು ಚಾವಿಯ ರಂಧ್ರ, ಏಕೆಂದರೆ ಅದು ತಿರುಗುತ್ತಲೂ ಇರಬೇಕು, ಮುಚ್ಚಿಯೂ ಇರಬೇಕು. ಚಾವಿಯನ್ನೇ ತಿರುಪಿನಂತೆ ಕೇಸಿಗೆ ಬಿಗಿಯುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಪೆರೆಗೊ ಮತ್ತು ಪೆರೆ ಎಂಬಿಬ್ಬರು 1925ರಲ್ಲಿ ಪೇಟೆಂಟ್ ಕೋರಿದ್ದರು. ರೋಲೆಕ್ಸಿನ ಹಾನ್ಸ್ ವಿಲ್ಸ್‌ಡಾರ್ಫ್ ಅದನ್ನು ಕೊಂಡು, ಮುಂದೆ, ಹಿಂದೆ ಮತ್ತು ಚಾವಿಯಲ್ಲಿ ತಿರುಪುಗಳಿರುವ ಆಯ್ಸ್ಟರ್ ಕೇಸನ್ನು 1926ರಲ್ಲಿ ಹೊರತಂದರು. 1927ರ ಅಕ್ಟೋಬರಿನಲ್ಲಿ ಮರ್ಸಿಡಿಸ್ ಗ್ಲೀಟ್ಸ್ ಎಂಬ ಈಜುಗಾರ್ತಿ ಅದನ್ನು ಧರಿಸಿ ಇಂಗ್ಲಿಷ್ ಕಾಲುವೆಗೆ ಇಳಿದರು. ಚಳಿ ತಾಳದೆ ಹತ್ತು ಗಂಟೆಗೂ ಹೆಚ್ಚು ಈಜಿದ ಮೇಲೆ ಅವರನ್ನು ಮೇಲೆತ್ತಬೇಕಾಯಿತು, ಆದರೆ ಗಡಿಯಾರ ನಡೆಯುತ್ತಲೇ ಇತ್ತು. ಅದು ಅವರ ಕೈಯಲ್ಲಿರಲಿಲ್ಲ, ಕೊರಳಲ್ಲಿ ತೂಗುತ್ತಿತ್ತು. ಆಳವೂ ಒಂದೆರಡು ಅಡಿಗಿಂತ ಹೆಚ್ಚಿರಲಿಲ್ಲ. ಜಗತ್ತು ನೆನಪಿಟ್ಟುಕೊಂಡ ಈ ಪರೀಕ್ಷೆ ಆಳದ್ದೂ ಅಲ್ಲ, ಕೈ ಬೀಸುವುದರದ್ದೂ ಅಲ್ಲ. ತಣ್ಣೀರಿನಲ್ಲಿ ಬಹಳ ಹೊತ್ತು ತಾಳುವ ಪರೀಕ್ಷೆ. ತಿರುಪಿನ ಚಾವಿಯನ್ನು ಕೀ ಕೊಡಲೆಂದು ದಿನವೂ ಬಿಚ್ಚಿದರೆ ಎಳೆ ಸವೆಯುತ್ತದೆ, ಬಿಗಿಯಲು ಮರೆತರೆ ಎಲ್ಲವೂ ವ್ಯರ್ಥ. 1931ರಲ್ಲಿ ಅದೇ ಕಂಪನಿ ಕೈಯ ಅಲುಗಾಟದಿಂದ ತಾನೇ ಕೀ ಕೊಟ್ಟುಕೊಳ್ಳುವ ಯಂತ್ರವನ್ನು ಆ ಕೇಸಿಗೆ ಸೇರಿಸಿದಾಗ ಈ ತೊಡಕೂ ನೀಗಿತು. ಒಂದು ಮುಚ್ಚಳದ ಸಮಸ್ಯೆ ಗಡಿಯಾರದ ಹೃದಯವನ್ನೇ ಬದಲಿಸಿದ ಈ ಪ್ರಸಂಗವನ್ನು ನನ್ನ ಬಳಿ ಕೆಲಸ ಕಲಿಯಲು ಬರುವ ಹುಡುಗರಿಗೆ ಮೊದಲ ವಾರದಲ್ಲಿಯೇ ಹೇಳುತ್ತೇನೆ.

ಗಾಜಿನ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕು. ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಗಡಿಯಾರ ಮಾಡತೊಡಗಿತು. ನಮ್ಮ ತಂದೆಯವರ ಕಾಲದ ಆ ಗಡಿಯಾರಗಳಲ್ಲಿ ಇದ್ದದ್ದು ಗಾಜಲ್ಲ, ಅಕ್ರಿಲಿಕ್ ಪ್ಲಾಸ್ಟಿಕ್. ಅಂಚಿಗಿಂತ ಕೂದಲೆಳೆಯಷ್ಟು ದೊಡ್ಡದಾದ ಗುಮ್ಮಟವನ್ನು ಬೆರಳುಗಳಂಥ ಉಪಕರಣದಿಂದ ಹಿಂಡಿ, ಕೇಸಿನಲ್ಲಿ ಕೂರಿಸಿ ಬಿಟ್ಟರೆ ಅದು ಹಿಗ್ಗಿ ತಾನೇ ಬಿಗಿದುಕೊಳ್ಳುತ್ತದೆ. ಗೀರು ಬೇಗ ಬೀಳುತ್ತದೆ, ಆದರೆ ಹಲ್ಲುಪುಡಿಯಿಂದ ತಿಕ್ಕಿದರೂ ಹೋಗುತ್ತದೆ. ಇಂದಿನ ಸಾಮಾನ್ಯ ಗಡಿಯಾರದ ಖನಿಜ ಗಾಜು ಮೋಸ್ ಗಡಸುತನದ ಮಾಪಕದಲ್ಲಿ ಆರರ ಆಸುಪಾಸಿನಲ್ಲಿದೆ, ನಮ್ಮ ಬಾದಾಮಿಯ ಮರಳುಗಲ್ಲಿನ ಕಣ, ಅಂದರೆ ಸ್ಫಟಿಕ ಶಿಲೆ, ಏಳರಲ್ಲಿದೆ. ಆದ್ದರಿಂದ ಬಾದಾಮಿ, ಐಹೊಳೆಯ ಕಡೆ ಕಲ್ಲಿನ ಕೆಲಸ ಮಾಡುವವರ ಗಡಿಯಾರದ ಗಾಜು ಒಂದೆರಡು ವರ್ಷದಲ್ಲಿ ಮಸುಕಾಗುವುದು ಸಹಜ. ಒಂಬತ್ತರಲ್ಲಿರುವ ಕೃತಕ ನೀಲಮಣಿಯ ಗಾಜಿಗೆ ಈ ಧೂಳು ಏನೂ ಮಾಡಲಾರದು. ಫ್ರಾನ್ಸಿನ ಆಗಸ್ಟ್ ವರ್ನ್ಯೂಯಿ 1902ರಲ್ಲಿ ಪ್ರಕಟಿಸಿದ ವಿಧಾನದಿಂದ ಅಲ್ಯೂಮಿನಾ ಪುಡಿಯನ್ನು ಉರಿಯಲ್ಲಿ ಕರಗಿಸಿ ಬೆಳೆಸುವ ಹರಳು ಅದು. ಆದರೆ ಗಡಸು ವಸ್ತು ಗಟ್ಟಿಯಾಗಿ ಪೆಟ್ಟು ಬಿದ್ದರೆ ಚೂರಾಗುತ್ತದೆ, ಬಾಗುವುದಿಲ್ಲ.

ಗೀರು ಬಿದ್ದ ಗಾಜನ್ನು ಬದಲಿಸುವಾಗ ಹಳೆಯ ನೈಲಾನ್ ಉಂಗುರವನ್ನು ಎಸೆದು, ಅಂಟು ಹಚ್ಚಿ ಹೊಸ ಗಾಜು ಕೂರಿಸುವ ರೂಢಿ ಎಲ್ಲೆಡೆ ಇದೆ. ಆ ಅಂಟು ಬಿರುಕು ಬಿಟ್ಟ ದಿನ ಮೊದಲನೆಯ ಬಾಗಿಲು ತೆರೆಯಿತು ಎಂದೇ ಅರ್ಥ. ಗಾಜು ಹಾಕಿಸುವಾಗ ಉಂಗುರವನ್ನೂ ಕೇಳಿ ಹಾಕಿಸಿಕೊಳ್ಳಿ.

ಮಂಜು ಕಂಡ ದಿನ ಗಡಿಯಾರವನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಡಬೇಡಿ. ಮುಚ್ಚಿದ ಕೇಸಿನೊಳಗಿನ ತೇವವನ್ನು ಅಕ್ಕಿ ಹೊರಗಿನಿಂದ ಎಳೆಯಲಾರದು. ಚಾವಿಯನ್ನು ಹೊರಕ್ಕೆ ಎಳೆದಿಟ್ಟು ಅಂದೇ ತನ್ನಿ, ಒಳಗಿನ ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಯಲು ಕೆಲವೇ ದಿನ ಸಾಕು. ಮುಂದಿನ ಸಂಕ್ರಾಂತಿಗೂ ಕಟ್ಟಿಕೊಂಡೇ ಹೋಗುವ ಆಸೆಯಿರುವವರು ಡಿಸೆಂಬರಿನಲ್ಲಿ ಬಂದರೆ ಮೂರು ಉಂಗುರಗಳನ್ನೂ ಬದಲಿಸಿ, ಕಾದ ತಟ್ಟೆಯ ಮೇಲಿಟ್ಟು, ಒಂದು ಹನಿ ತಣ್ಣೀರು ಹಾಕಿ, ಒರೆಸಿ, ನಿಮ್ಮ ಕಣ್ಣೆದುರೇ ತೋರಿಸಿ ಕೊಡುತ್ತೇನೆ.