ಲಿಂಕ್ ಮುರಿದದ್ದು ಎಲ್ಲಿಂದ?

ಮೌಂಟನ್ ಬೈಕಿನ (ಗುಡ್ಡಗಾಡಿನ ಸೈಕಲ್) ಹಿಂಬದಿಯ ಶಾಕ್ ಅಬ್ಸಾರ್ಬರನ್ನು ಚೌಕಟ್ಟಿಗೆ ಜೋಡಿಸುವ ಅಲ್ಯೂಮಿನಿಯಂ ಲಿಂಕ್ ಒಂದು ನಮ್ಮ ಪರೀಕ್ಷಾ ಯಂತ್ರದಲ್ಲಿ ಅರ್ಧ ದಾರಿಯಲ್ಲೇ ಎರಡು ತುಂಡಾಯಿತು. ವಿನ್ಯಾಸ ಮಾಡಿದ ಯುವ ಎಂಜಿನಿಯರ್ ಲೆಕ್ಕದ ಹಾಳೆಗಳನ್ನು ಹಿಡಿದು ಬಂದಿದ್ದರು. ನಾನು ಮೊದಲು ತುಂಡನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಲು ಹೇಳಿದೆ. ಬೇರಿಂಗ್ ಕೂರುವ ರಂಧ್ರದ ಅಂಚಿನಿಂದ ಬಾಗಿದ ಗೆರೆಗಳು ಹರಡಿದ್ದವು, ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುವಂಥವು. ಕಾಡುದಾರಿಯ ಏರಿಳಿತ ಅನುಕರಿಸಲು ನಾವು ಆಗಾಗ ಬಲದ ಪ್ರಮಾಣ ಬದಲಿಸುತ್ತೇವೆ; ಬದಲಿಸಿದಾಗಲೆಲ್ಲ ಬಿರುಕು ತನ್ನ ಗುರುತು ಬಿಟ್ಟಿತ್ತು. ಗೆರೆಗಳು ಹೊರಟ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದರೆ, ಕತ್ತರಿಸುವ ಉಪಕರಣ ಉಳಿಸಿದ ಕೂದಲೆಳೆಯಷ್ಟು ಗೀರು!

ಅವರ ಲೆಕ್ಕ ತಪ್ಪಿರಲಿಲ್ಲ. ಲಿಂಕಿನ 7075-ಟಿ6 ಎಂಬ ಅಲ್ಯೂಮಿನಿಯಂ ಮಿಶ್ರಲೋಹ ಎಳೆದಾಗ ಮುರಿಯುವ ಮುನ್ನ ತಾಳುವ ಗರಿಷ್ಠ ಒತ್ತಡ ಸುಮಾರು 570 ಮೆಗಾಪ್ಯಾಸ್ಕಲ್. 50 ಕೋಟಿ ಆವರ್ತಗಳಿಗೆ, ಅಂದರೆ ಅಷ್ಟು ಸಲ ಬಲ ಹೇರಿ ಇಳಿಸಿದರೂ, ಅದು ತಾಳುವ ಒತ್ತಡವೆಂದು ಕೈಪಿಡಿಗಳು ಕೊಡುವ ಅಂಕಿ ಸುಮಾರು 159. ಆದರೆ ಆ ಅಂಕಿ ನುಣ್ಣಗೆ ಉಜ್ಜಿದ ಪುಟ್ಟ ದುಂಡನೆಯ ಸರಳನ್ನು ಬಾಗಿಸಿ ತಿರುಗಿಸಿ ಪಡೆದದ್ದು. ಲಿಂಕಿಗೆ ಮೂಲೆಗಳಿವೆ, ಗೀರುಗಳಿವೆ, ಒತ್ತಿ ಕೂರಿಸಿದ ಬೇರಿಂಗ್ ಇದೆ. ಮೇಲಿನ ಗಟ್ಟಿ ಆನೊಡೈಸ್ ಪದರ (ವಿದ್ಯುತ್ತಿನಿಂದ ಬೆಳೆಸಿದ ಆಕ್ಸೈಡ್ ಲೇಪ) ಸವೆತ ತಡೆಯುತ್ತದೆ ನಿಜ, ಆದರೆ ಅದು ಪೆಡಸು. ಅಲ್ಲಿ ಹುಟ್ಟಿದ ಬಿರುಕು ಒಳಗಿನ ಲೋಹಕ್ಕೂ ಇಳಿಯುತ್ತದೆ.

ಜರ್ಮನಿಯ ಆಗಸ್ಟ್ ವೋಲರ್ 1850-60ರ ದಶಕಗಳಲ್ಲಿ ರೈಲು ಗಾಲಿಗಳ ಅಚ್ಚುಗಳನ್ನು (ಆಕ್ಸಲ್) ಹೀಗೆಯೇ ಮತ್ತೆ ಮತ್ತೆ ಬಲ ಹೇರಿ ದಣಿಸಿ ಪರೀಕ್ಷಿಸಿದ್ದರು. ಸಾಮಾನ್ಯ ಉಕ್ಕಿಗೆ ಒಂದು ಮಿತಿಯಿದೆ, ಒತ್ತಡ ಅದಕ್ಕಿಂತ ಕೆಳಗಿದ್ದರೆ ಬಹುಕಾಲ ಬಾಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಹಾಗಾಗಿ ಅದರ ಬಿಡಿಭಾಗಕ್ಕೆ ಆಯುಷ್ಯ ನಿಗದಿ ಮಾಡದೆ ಮಾರುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಐಎಸ್‌ಒ 4210 ಎಂಬ ಸೈಕಲ್ ಸುರಕ್ಷತೆಯ ಮಾನದಂಡ ಮೌಂಟನ್ ಬೈಕ್ ಚೌಕಟ್ಟಿನ ಪೆಡಲ್ ಪರೀಕ್ಷೆಗೆ 1,200 ನ್ಯೂಟನ್ ಬಲ, 1,00,000 ಆವರ್ತ ಕೇಳುತ್ತದೆ. ಅದು ಬೇಕೇ ಬೇಕು. ಆದರೆ ಬಂಡೆಯಿಂದ ಹಾರಿ ಇಳಿಯುವಾಗ ಲಿಂಕಿನ ಮೇಲೆ ಬೀಳುವ ಪೆಟ್ಟು ಪೆಡಲ್ ತುಳಿತದಲ್ಲಿ ಬರುವುದಿಲ್ಲ. ಇನ್ನೊಂದು ಮಾತು: ಒಟ್ಟಿಗೇ ತಯಾರಾದ, ಒಂದೇ ಬಲ ಬಿದ್ದ ಎರಡು ಲಿಂಕುಗಳಲ್ಲಿ ಒಂದು ಇನ್ನೊಂದರ ಇಮ್ಮಡಿ ಬಾಳಬಹುದು. ಒಂದೇ ಮಾದರಿ ತಂದು 'ಪಾಸಾಯಿತೇ?' ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ.

ಆ ಎಂಜಿನಿಯರ್ ಅಂಚನ್ನು ದುಂಡಗೆ ಮಾಡಿಸಿದರು. ಆನೊಡೈಸ್ ಮಾಡುವ ಮೊದಲು ಶಾಟ್ ಪೀನಿಂಗ್ ಮಾಡಿಸಿದರು. ಸಣ್ಣ ಗುಂಡುಗಳ ಹೊಡೆತಕ್ಕೆ ಮೇಲ್ಮೈ ಅದುಮಿಕೊಂಡು ಬಿರುಕು ಬಾಯಿ ತೆರೆಯಲು ಹೆಣಗಬೇಕಾಗುತ್ತದೆ. ಈ ಸಲ ಆರು ಲಿಂಕುಗಳು ಬಂದಿವೆ. ಯಂತ್ರಕ್ಕೆ ಬಿಗಿಯುವ ಮೊದಲು ಪ್ರತಿಯೊಂದರ ರಂಧ್ರದಂಚಿಗೂ ಉಗುರು ತಾಗಿಸಿ ನೋಡಿದ್ದೇನೆ, ಎಲ್ಲಿಯೂ ತಡೆಯಲಿಲ್ಲ.