ಡಿಡಿ ವಾಪಸ್ ಬಂದಿದೆಯೇ? ಅಸಲನ್ನು ಯಾರ ಕೈಗೂ ಕೊಡಬೇಡಿ

ಚೆಕ್ ಬೌನ್ಸ್ ಆದರೆ ನೋಟಿಸ್ ಕೊಡಬೇಕು, ಕೇಸು ಹಾಕಬೇಕು ಎಂಬುದು ಈಗ ಎಲ್ಲರಿಗೂ ಗೊತ್ತು. ಡಿಡಿ (ಡಿಮ್ಯಾಂಡ್ ಡ್ರಾಫ್ಟ್) ಅಥವಾ ಪೇ ಆರ್ಡರ್ ವಾಪಸ್ ಬಂದಾಗ ಮಾತ್ರ ಕಕ್ಷಿದಾರರು ಕಂಗಾಲಾಗಿ ಬರುತ್ತಾರೆ. ದುಡ್ಡು ಮೊದಲೇ ಕಟ್ಟಿಸಿಕೊಂಡು ಬ್ಯಾಂಕೇ ಬರೆದುಕೊಟ್ಟ ಕಾಗದ, ಅದಕ್ಕೂ ಇಲ್ಲ ಅಂದರೆ ಹೇಗೆ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಆ ಗಾಬರಿಯಲ್ಲಿ ಹೆಚ್ಚಿನವರು ಅಸಲು ಡಿಡಿಯನ್ನು ಕೊಟ್ಟವರಿಗೇ ಮರಳಿಸಿ ‘ಸರಿ ಮಾಡಿಸಿಕೊಡಿ’ ಎಂದು ಬಂದಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡಿಡಿ ನಿಮ್ಮ ಬಳಿ ಇರುವಷ್ಟು ಕಾಲ ಬ್ಯಾಂಕು ನಿಮಗೆ ಉತ್ತರ ಹೇಳಬೇಕು. ಕೈಬಿಟ್ಟ ಮೇಲೆ ಅವರು ಅದನ್ನು ರದ್ದು ಮಾಡಿಸಿ ಹಣವನ್ನು ತಮ್ಮ ಖಾತೆಗೆ ಹಾಕಿಸಿಕೊಂಡರೂ ನಿಮಗೆ ತಿಳಿಯುವುದಿಲ್ಲ.

ಮೊದಲ ಕೆಲಸ, ನಿಮ್ಮ ಬ್ಯಾಂಕಿನಿಂದ ರಿಟರ್ನ್ ಮೆಮೊ, ಅಂದರೆ ಡಿಡಿ ವಾಪಸಾದ ಕಾರಣ ಬರೆದ ಚೀಟಿ, ಪಡೆಯುವುದು. ‘ಪಾಸ್ ಆಗ್ತಿಲ್ಲ ಸರ್’ ಎಂಬ ಕೌಂಟರಿನ ಮಾತು ಸಾಲದು. ಯಾರ ಬೆನ್ನು ಹತ್ತಬೇಕು ಎಂಬುದನ್ನು ಮೆಮೊದಲ್ಲಿ ಬರೆದ ಆ ಒಂದು ಸಾಲೇ ತೀರ್ಮಾನಿಸುತ್ತದೆ.

ಅವಧಿ ಮುಗಿದಿದೆ ಎಂದಿದ್ದರೆ ಹೆದರಬೇಕಿಲ್ಲ. 2012ರ ಏಪ್ರಿಲ್ 1ರಿಂದ ಡಿಡಿಗೂ ಮೂರೇ ತಿಂಗಳ ಆಯಸ್ಸು. ಮಾಡಿಸಿದವರು ಅರ್ಜಿ ಕೊಟ್ಟರೆ ಶಾಖೆಯವರು ಅದನ್ನು ಮತ್ತೆ ಊರ್ಜಿತಗೊಳಿಸುತ್ತಾರೆ. 2018ರ ಸೆಪ್ಟೆಂಬರ್ 15ರಿಂದ ಮಾಡಿಸಿದವರ ಹೆಸರು ಡಿಡಿಯ ಮೇಲೆಯೇ ಇರುವುದರಿಂದ ಹುಡುಕುವ ಪ್ರಮೇಯವೂ ಇಲ್ಲ. ಹೆಸರಿನ ಅಕ್ಷರ ತಪ್ಪಿದ್ದರೂ ಇದೇ ದಾರಿ. ‘ನಮ್ಮ ಇನ್ನೊಂದು ಶಾಖೆಯಿಂದ ಅಡ್ವೈಸ್ (ಡಿಡಿ ಬರೆದುಕೊಟ್ಟ ಬಗ್ಗೆ ಆ ಶಾಖೆ ಕಳಿಸುವ ಸೂಚನೆ) ಬಂದಿಲ್ಲ’ ಎಂದರೆ ಮಾತ್ರ ಒಪ್ಪಬೇಡಿ. ಅದೊಂದೇ ಕಾರಣಕ್ಕೆ ಡಿಡಿ ಹಣ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕೇ ಹೇಳಿದೆ.

ಜಗಳ ಬರುವುದು ಮಾಡಿಸಿದವರೇ ‘ಹಣ ಕೊಡಬೇಡಿ’ ಎಂದು ಬ್ಯಾಂಕಿಗೆ ಬರೆದುಕೊಟ್ಟಾಗ. ಡಿಡಿ ಪಡೆಯಬೇಕಾದವರ ಕೈ ಸೇರುವ ತನಕ ಅವರಿಗೆ ಆ ಅವಕಾಶ ಉಂಟು. ಸೇರಿದ ಮೇಲೆ, ವ್ಯಾಪಾರದಲ್ಲಿ ಮನಸ್ತಾಪ ಬಂತು ಎಂಬ ಕಾರಣಕ್ಕೆ ಅದನ್ನು ತಡೆಯುವಂತಿಲ್ಲ. ಕಳವು, ಫೋರ್ಜರಿ, ಕೋರ್ಟಿನ ತಡೆ ಇಂಥವು ಇದ್ದರೆ ಮಾತು ಬೇರೆ. ಅನೇಕ ಮ್ಯಾನೇಜರುಗಳು ಹಳೆಯ ಗ್ರಾಹಕರ ಮುಲಾಜಿಗೆ ಬಿದ್ದು ಹಣ ತಡೆಯುತ್ತಾರೆ. ಅಂಥಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಪೇ ಆರ್ಡರ್ ಕೂಡ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ, ಅಂದರೆ ಚೆಕ್ ಬೌನ್ಸ್ ಕೇಸಿನ ಕಲಮಿನ, ಮಟ್ಟಿಗೆ ಚೆಕ್ಕೇ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ವಿಣಕರ್ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಹೇಳಿದೆ. ಆ ಕಲಮಿಗೆ ನೋಟಿಸ್ ಹೋಗಬೇಕಾದದ್ದು ವಾಪಸಾದ ವಿಷಯ ತಿಳಿದ 30 ದಿನಗಳೊಳಗೆ. ಮೆಮೊದ ತಾರೀಖು ಕಾಪಾಡಿಕೊಳ್ಳಿ.

ಶಾಖೆಗೆ ಕೊಡುವ ದೂರು ಲಿಖಿತವಾಗಿರಲಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಸಹಾಯವಾಣಿ 14448. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವಕೀಲನಾಗಿಯೇ ಇದನ್ನು ಹೇಳುತ್ತಿದ್ದೇನೆ.

ಡಿಡಿಯೇ ನಕಲಿ ಎಂದಾದರೆ ಬ್ಯಾಂಕಿನ ಹೊಣೆ ಇಲ್ಲ. ಅಂದೇ ಪೊಲೀಸ್ ಠಾಣೆಗೆ ಹೋಗಿ.

ನನಗೆ ಹೆಚ್ಚು ಸಂಕಟವಾಗುವುದು ಸೈಟು, ಜಮೀನು ಮಾರಿದವರನ್ನು ಕಂಡಾಗ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಡಿಡಿ ಕೈಗೆ ಬಂತೆಂದು ಕ್ರಯಪತ್ರಕ್ಕೆ ಸಹಿ ಹಾಕಿರುತ್ತಾರೆ. ಡಿಡಿಯ ನಂಬರೂ ಪತ್ರದಲ್ಲಿ ಬರೆದಿರುತ್ತದೆ. ಆಮೇಲೆ ಡಿಡಿ ವಾಪಸ್. ಹಣ ಬಂದಿಲ್ಲವಾದ್ದರಿಂದ ಮಾರಾಟವೂ ತಾನಾಗಿಯೇ ಬಿದ್ದುಹೋಯಿತು ಎಂದುಕೊಳ್ಳುತ್ತಾರೆ. ಹಾಗಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮಿನಂತೆ ಬೆಲೆ ಕೊಡುತ್ತೇನೆಂಬ ಮಾತಿನ ಮೇಲೂ ಮಾರಾಟ ಪೂರ್ಣವಾಗಬಲ್ಲದು. ಬೆಲೆಯ ಬಾಕಿ ಉಳಿದ ಮಾತ್ರಕ್ಕೆ ನೋಂದಾಯಿತ ಕ್ರಯಪತ್ರ ರದ್ದಾಗದು ಎಂದು 2020ರಲ್ಲಿ ದಾಹಿಬೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆದ್ದರಿಂದ ಡಿಡಿ ಬರೆದುಕೊಟ್ಟ ಶಾಖೆಗೆ ಸಹಿಗೆ ಮುನ್ನವೇ ಹೋಗಿ ಅಸಲಿಯೇ ಎಂದು ಕೇಳಿ. ಕೊಳ್ಳುವವರು ಕೊಟ್ಟ ಫೋನ್ ನಂಬರಿಗೆ ಕರೆ ಮಾಡಿ ಖಾತ್ರಿಪಡಿಸಿಕೊಂಡರೆ ಪ್ರಯೋಜನವಿಲ್ಲ. ದೊಡ್ಡ ಮೊತ್ತಕ್ಕೆ ಹಣ ನೇರ ಖಾತೆಯಿಂದ ಖಾತೆಗೆ ಹೋಗುವ ಆರ್‌ಟಿಜಿಎಸ್ ವಾಸಿ, ಖಾತೆಗೆ ಬಂದ ಮೇಲೆ ಸಹಿ ಹಾಕಬಹುದು.

ಸಹಿ ಆಗಿಹೋಗಿದ್ದರೂ ಕೈಚೆಲ್ಲಬೇಡಿ. ಅದೇ ಕಾಯ್ದೆಯ 55(4)(ಬಿ) ಪ್ರಕಾರ ಬಾಕಿ ಬೆಲೆಗೆ ಆ ಸ್ವತ್ತಿನ ಮೇಲೆಯೇ ನಿಮಗೆ ಹಕ್ಕಿನ ಭಾರ (ಚಾರ್ಜ್) ಇರುತ್ತದೆ, ಅಂದರೆ ಬಾಕಿಯನ್ನು ಆ ಸ್ವತ್ತಿನಿಂದಲೇ ವಸೂಲಿ ಮಾಡಿಕೊಳ್ಳುವ ಹಕ್ಕು. ಆದರೆ ಬಾಕಿಯ ಸಂಗತಿ ತಿಳಿಯದೆ ದುಡ್ಡು ಕೊಟ್ಟು ಕೊಂಡ ಮೂರನೆಯವರ ಮೇಲೆ ಅದು ನಡೆಯುವುದಿಲ್ಲ. ಕೊಂಡವರು ಅದನ್ನು ಮತ್ತೊಬ್ಬರಿಗೆ ದಾಟಿಸುವ ಮೊದಲೇ ದಾವೆ ಹೂಡಿ, ಪರಭಾರೆ ಮಾಡದಂತೆ ತಡೆಯಾಜ್ಞೆ ಕೇಳಬೇಕು.