ಕಚ್ಚುವ ಪೋರ ಮುಂದೆ ಪುಂಡನಾಗುತ್ತಾನಾ?

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಮೂರು ವರ್ಷದ ಪೋರನೊಬ್ಬನಿದ್ದಾನೆ. ಬಾಲವಾಡಿಯಲ್ಲಿ ಯಾರನ್ನೋ ಕಚ್ಚಿ ಬಂದ ದಿನ ಕೆಳಮನೆಯ ಅಜ್ಜಿ ತೀರ್ಪು ಕೊಟ್ಟೇಬಿಟ್ಟರು: "ಬೆಳೆಯುವ ಪೈರು ಮೊಳಕೆಯಲ್ಲೇ ಗೊತ್ತಾಗುತ್ತೆ. ಇವ ಟಪೋರಿ ಆಗ್ತಾನೆ, ನೋಡ್ತಿರಿ."

ಅಜ್ಜಿ ಹೇಳಿದ್ದು ಅರ್ಧ ನಿಜ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಲೀ ರಾಬಿನ್ಸ್ ಎಂಬ ಸಂಶೋಧಕಿ, ಚಿಕ್ಕಂದಿನಲ್ಲಿ ಮಕ್ಕಳ ಕ್ಲಿನಿಕ್‌ಗೆ ಬಂದಿದ್ದ 524 ಮಂದಿಯ ಬದುಕನ್ನು ಮೂವತ್ತು ವರ್ಷಗಳ ನಂತರ ಬೆನ್ನು ಹತ್ತಿ ನೋಡಿದರು. 1966ರಲ್ಲಿ ಅದು ಪ್ರಕಟವಾಯಿತು. ಕಾನೂನಿಗೂ ಬೇರೆಯವರ ನೋವಿಗೂ ಕ್ಯಾರೇ ಅನ್ನದ ದೊಡ್ಡವರು ಹೆಚ್ಚುಕಮ್ಮಿ ಎಲ್ಲರೂ ಬಾಲ್ಯದಲ್ಲೂ ಹಾಗೇ ಇದ್ದವರು. ಸರಿ, ಈಗ ಬಾಲ್ಯದ ಕಡೆಯಿಂದ ಎಣಿಸಿ. ತಂಟೆಕೋರ ಮಕ್ಕಳಲ್ಲಿ ಹೆಚ್ಚಿನವರು ಹಾಗಾಗಲಿಲ್ಲ! ಯಾರಾದರೂ ಸಿಕ್ಕಿಬಿದ್ದಾಗ "ಚಿಕ್ಕಂದಿನಿಂದಲೂ ಹಾಗೇ" ಅನ್ನುವ ನೆರೆಯವರು ಟಿವಿಗೆ ಸುಲಭವಾಗಿ ಸಿಗುತ್ತಾರೆ. ತಂಟೆ ಮಾಡಿ ಈಗ ಬ್ಯಾಂಕಿನಲ್ಲಿ ಕೂತಿರುವವರ ಬಗ್ಗೆ ಯಾರೂ ಕೇಳುವುದಿಲ್ಲ, ಅಲ್ವಾ?

ಇನ್ನು ಕಚ್ಚುವುದು, ಹೊಡೆಯುವುದು. ಕೆನಡಾದ ಸಂಶೋಧಕ ರಿಚರ್ಡ್ ಟ್ರೆಂಬ್ಲೆ ತೋರಿಸಿದಂತೆ, ಮನುಷ್ಯ ಅತಿ ಜಾಸ್ತಿ ಕೈ ಮಾಡುವುದು ಎರಡರಿಂದ ನಾಲ್ಕು ವರ್ಷದೊಳಗೆ. ಮಾತು ಬಂದಂತೆ, ಕಾಯುವುದು ಬಂದಂತೆ ಹೆಚ್ಚಿನವರಲ್ಲಿ ಅದು ಇಳಿಯುತ್ತದೆ. ನ್ಯೂಜಿಲೆಂಡಿನ ಡನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ 1037 ಮಕ್ಕಳನ್ನು ಇಂದಿಗೂ ಗಮನಿಸುತ್ತಿದ್ದಾರೆ. ಹದಿಹರೆಯದಲ್ಲಷ್ಟೇ ಹಾರಾಡಿ ಸುಮ್ಮನಾಗುವವರು ಬಹಳ; ಎಳವೆಯಲ್ಲೇ ಶುರುವಾಗಿ ನಿಲ್ಲದೆ ಹೋಗುವವರು ಸಣ್ಣ ಗುಂಪು ಎಂದು 1993ರಲ್ಲಿ ಈ ಅಧ್ಯಯನದ ಸಂಶೋಧಕಿ ಟೆರಿ ಮೊಫಿಟ್ ವಾದಿಸಿದರು. ಅಂದಹಾಗೆ, ಅಜ್ಜಿ ಮೂರಕ್ಕೇ ಅಂಟಿಸಿದಂಥ ಹಣೆಪಟ್ಟಿಯನ್ನು, ಅಂದರೆ ಸಮಾಜವಿರೋಧಿ ವ್ಯಕ್ತಿತ್ವ ಅನ್ನುವುದನ್ನು, ಅಮೆರಿಕದ ಮನೋವೈದ್ಯರ ಕೈಪಿಡಿ 18ರ ಒಳಗಿನ ಯಾರಿಗೂ ಕೊಡಲು ಬಿಡುವುದಿಲ್ಲ.

ಹಾಗಾದರೆ ಆ ಸಣ್ಣ ಗುಂಪು ಹೇಗೆ ಆಗುತ್ತದೆ? ಹುಟ್ಟುಗುಣ, ಬಡತನ ಎಲ್ಲಕ್ಕೂ ಪಾಲಿದೆ. ನನಗೆ ಮುಖ್ಯವೆನಿಸುವುದು ಅಮೆರಿಕದ ಒರೆಗಾನ್‌ನ ಮನೋವಿಜ್ಞಾನಿ ಜೆರಾಲ್ಡ್ ಪ್ಯಾಟರ್ಸನ್ ಮನೆಮನೆಗಳಲ್ಲಿ ಕಂಡದ್ದು. ನಮ್ಮ ಒಂದು ರೂಮು-ಕಿಚನ್ನಿನಲ್ಲಿ ಅದು ಹೀಗಿರುತ್ತದೆ. ಅಮ್ಮ ಲೋಕಲ್ ಇಳಿದು ಬಂದು ಕುಕ್ಕರ್ ಇಟ್ಟಿದ್ದಾಳೆ. ಮಗು ಮೊಬೈಲ್ ಕೇಳುತ್ತದೆ. "ಬೇಡ." ಅಳು. "ಬೇಡ ಅಂದ್ನಲ್ಲ!" ಚೀರಾಟ, ತಟ್ಟೆ ಎಸೆತ. ಗೋಡೆಯಾಚೆ ಕೇಳಿಸುತ್ತೆ ಅನ್ನುವ ಮುಜುಗರ ಬೇರೆ. "ತಗೋ, ಏನಾದ್ರೂ ಮಾಡ್ಕೋ!" ಮನೆ ತಣ್ಣಗಾಯಿತು. ಚೀರಿದರೆ ಸಿಗುತ್ತೆ ಎಂದು ಮಗು ಕಲಿಯಿತು, ಕೊಟ್ಟರೆ ಗಲಾಟೆ ನಿಲ್ಲುತ್ತೆ ಎಂದು ಅಮ್ಮ ಕಲಿತಳು. ನಾಳೆ ಚೀರಾಟ ಇನ್ನೂ ಬೇಗ ಶುರು. ಮತ್ತೊಂದು ದಿನ ಅಪ್ಪ ಎರಡು ಬಾರಿಸುತ್ತಾನೆ, ಮಗು ತೆಪ್ಪಗಾಗುತ್ತದೆ. ಹೊಡೆದರೆ ಕೆಲಸ ಆಗುತ್ತೆ ಅನ್ನುವುದು ಇಬ್ಬರಿಗೂ ಗೊತ್ತಾಯಿತು. ಇದೇ ಚಾಳಿ ಶಾಲೆಗೆ ಹೋಗುತ್ತದೆ. ಬೇರೆ ಮಕ್ಕಳು ದೂರ ಇಡುತ್ತಾರೆ, ಕೊನೆಗೆ ಅಂಥವರೇ ಜೊತೆಗಾರರು.

ಅಮ್ಮನನ್ನು ಬೈದು ಪ್ರಯೋಜನವಿಲ್ಲ. ದಣಿದವರು ಯಾರೇ ಆದರೂ ಅದನ್ನೇ ಮಾಡುತ್ತಾರೆ. ಆದರೆ ಈ ಸುತ್ತನ್ನು ಮುರಿಯಬಹುದು. ಕೆನಡಾದ ಮಾಂಟ್ರಿಯಲ್‌ನ ಬಡ ಬಡಾವಣೆಗಳ ತಂಟೆಕೋರ ಹುಡುಗರಿಗೆ ಏಳರಿಂದ ಒಂಬತ್ತನೇ ವಯಸ್ಸಿನೊಳಗೆ ಬೇರೆಯವರೊಡನೆ ಬೆರೆಯುವುದನ್ನೂ, ಹೆತ್ತವರಿಗೆ ಸಂಭಾಳಿಸುವುದನ್ನೂ ಕಲಿಸಿದರು. 24ನೇ ವಯಸ್ಸಿಗೆ, ಈ ಕಲಿಕೆ ಸಿಗದ ಅಂಥದೇ ಹುಡುಗರಿಗಿಂತ ಅವರಲ್ಲಿ ಹೈಸ್ಕೂಲು ಮುಗಿಸಿದವರು ಜಾಸ್ತಿ, ಕೇಸು ಬಿದ್ದವರು ಕಮ್ಮಿ.

ಶಾಲೆಗೆ ಸೇರಿ ವರ್ಷಗಳಾದರೂ ಮನೆ, ಶಾಲೆ ಎರಡೂ ಕಡೆ ಹೊಡೆದಾಟ, ಸುಳ್ಳು, ಪ್ರಾಣಿಗಳಿಗೆ ಹಿಂಸೆ ನಿಲ್ಲದಿದ್ದರೆ ಕಾಯಬೇಡಿ. ಮುಂಬಯಿಯ ಸಯನ್, ಕೆಇಎಂನಂಥ ಪಾಲಿಕೆ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ಹೋಗುವಾಗ ಅಪ್ಪನೂ ಜೊತೆಗಿರಲಿ.